ಹಾಜರಿ ಪುಸ್ತಕದ ಹೊರಗೆ

ಚಿತ್ತಾಪುರ ಸೀಮೆಯಲ್ಲಿ ಮೇಲಿನ ಕರಿಮಣ್ಣು ಸರಿಸಿದರೆ ಕೆಳಗೆ ಕಲ್ಲು. ಬುಟ್ಟಿಯಲ್ಲಿ ಒಂದರ ಮೇಲೊಂದು ಹೇರಿಟ್ಟ ಜೋಳದ ರೊಟ್ಟಿಯ ಹಾಗೆ ಪದರ ಪದರವಾಗಿ ಕೂತಿರುತ್ತದೆ. ಸಂದು ನೋಡಿ ಉಳಿ ಇಟ್ಟು ಬಡಿದರೆ ಒಂದೊಂದೇ ಪದರ ಏಳುತ್ತದೆ. ಊರವರು ಇದನ್ನು ಫರಸಿ ಅನ್ನುತ್ತಾರೆ, ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಕಾಗಿಣಾ ನದಿ ಚಿಂಚೋಳಿ ಕಡೆಯಿಂದ ಬಂದು, ಮಳಖೇಡದ ಕೋಟೆ ಬಳಸಿ, ದಂಡೋತಿ ದಾಟಿ, ಶಹಾಬಾದಿನ ಹತ್ತಿರ ಭೀಮೆಯನ್ನು ಸೇರುವವರೆಗೆ ಈ ಕಲ್ಲಿನದೇ ಕಾರುಬಾರು. ಮನೆಗೆ ಗೋಡೆಯಾಯಿತು, ನೆಲಕ್ಕೆ ಹಾಸಾಯಿತು, ಹೊಲದ ಬದುವಿಗೆ ಬೇಲಿಯಾಯಿತು. ಇಪ್ಪತ್ತನೇ ಶತಮಾನ ಬಂದಾಗ ಅದನ್ನೇ ಅರೆದು, ಸುಟ್ಟು ಸಿಮೆಂಟು ಮಾಡಿದರು.

ಜರ್ಮನಿಯ ಇಬ್ಬರು ಗೆಳೆಯರು ಹೇಳಿದ ಎರಡು ಭವಿಷ್ಯ ಈ ಕಲ್ಲಿನ ಮೇಲೆ ಪರೀಕ್ಷೆಗೆ ಕೂತವು. ಒಂದು ಜಾತಿಯದು, ಇನ್ನೊಂದು ಹೆಣ್ಣಿನದು. ಆ ಇಬ್ಬರೂ ವಾಡಿ, ಶಹಾಬಾದ್ ಎಂಬ ಹೆಸರು ಕೇಳಿದವರಲ್ಲ. ಪರೀಕ್ಷೆಯ ಫಲಿತಾಂಶ ಬರೆದವರು ಇಲ್ಲಿನವರು. ಅದನ್ನು ಅವರು ಬರೆದದ್ದು ಕತೆ, ಕಾದಂಬರಿ, ಪದಗಳಲ್ಲಿ.

1853ರ ಜುಲೈ ತಿಂಗಳು. ಲಂಡನ್ನಿನ ಡೀನ್ ಬೀದಿಯ ಎರಡು ಕೋಣೆಯ ಬಿಡಾರದಲ್ಲಿ ಕಾರ್ಲ್ ಮಾರ್ಕ್ಸ್ ಅಮೆರಿಕದ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದ. ವಿಷಯ, ಭಾರತದಲ್ಲಿ ಬ್ರಿಟಿಷ್ ಆಳ್ವಿಕೆ ಮುಂದೆ ಏನನ್ನು ಹುಟ್ಟಿಸೀತು ಎಂಬುದು. ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿ ಆಗ ಮೂರೇ ತಿಂಗಳಾಗಿತ್ತು. ಮಾರ್ಕ್ಸ್ ಆ ರೈಲಿನ ಮೇಲೆ ಭಾರೀ ಭಾರ ಹೊರಿಸಿದ. ರೈಲ್ವೆ ಬಂದರೆ ಅದರ ಹಿಂದೆಯೇ ಕಾರ್ಖಾನೆ ಬರುತ್ತದೆ, ಕಾರ್ಖಾನೆ ಬಂದರೆ ವಂಶಪಾರಂಪರ್ಯದ ಕಸುಬುಗಳು ಒಡೆಯುತ್ತವೆ, ಆ ಕಸುಬುಗಳ ಮೇಲೆ ನಿಂತ ಜಾತಿಯೂ ಕರಗುತ್ತದೆ ಎಂದು ಅವನ ಲೆಕ್ಕ. ಇಂಗ್ಲಿಷರು ಇದನ್ನು ಉಪಕಾರಕ್ಕಾಗಿ ಮಾಡುವುದಿಲ್ಲ, ಭಾರತೀಯರು ನೊಗ ಕಿತ್ತೆಸೆಯುವವರೆಗೆ ಅಥವಾ ಇಂಗ್ಲೆಂಡಿನ ಕಾರ್ಮಿಕರೇ ಅಧಿಕಾರ ಹಿಡಿಯುವವರೆಗೆ ಇದರ ಫಲ ಅವರ ಕೈಗೆ ಸಿಗುವುದಿಲ್ಲ ಎಂದೂ ಬರೆದ. ಹೀಗಾಗಿ ಅವನನ್ನು ಬ್ರಿಟಿಷರ ಭಟ್ಟಂಗಿ ಎಂದು ಕರೆಯುವುದು ಅನ್ಯಾಯ. ಆದರೆ ಜಾತಿಯ ವಿಷಯದಲ್ಲಿ ಅವನಿಗೆ ಅವಸರವಿತ್ತು.

ಮನೆಯೊಳಗೂ ಒಮ್ಮೆ ಇಣುಕಬೇಕು. ಮಾರ್ಕ್ಸನ ಕೈಬರಹ ಕಾಗೆಕಾಲು ಗುಬ್ಬಿಕಾಲು. ಅದನ್ನು ಬಿಡಿಸಿ ಓದುವಂತೆ ನಕಲು ಮಾಡುತ್ತಿದ್ದವಳು ಹೆಂಡತಿ ಜೆನ್ನಿ. ಅಡುಗೆ, ಬಟ್ಟೆ, ಮಕ್ಕಳು, ಬಾಗಿಲಿಗೆ ಬಂದ ಸಾಲಗಾರರು ಎಲ್ಲವನ್ನೂ ನಿಭಾಯಿಸುತ್ತಿದ್ದವಳು ಮನೆಗೆಲಸದ ಹೆಲೆನ್ ಡೆಮುತ್. ದುಡಿಮೆಯ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಮನೆಯಲ್ಲಿ ಈ ಇಬ್ಬರ ದುಡಿಮೆ ಯಾವ ಹಾಜರಿಯಲ್ಲೂ ದಾಖಲಾಗಲಿಲ್ಲ.

ರೈಲು ಬಂತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿಯ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿಕೊಂಡಿತು. ಅತ್ತ ಪ್ಯಾರಿಸಿನ ಕಾರ್ಮಿಕರು ನಗರವನ್ನೇ ಕೈವಶ ಮಾಡಿಕೊಂಡು ಕಮ್ಯೂನ್ ಘೋಷಿಸಿದ ವರ್ಷವೂ ಅದೇ. ಮೂರು ವರ್ಷದ ಮೇಲೆ, 1874ರಲ್ಲಿ, ನಿಜಾಮನ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಬಿತ್ತು. ಆಗ ದಿವಾನರಾಗಿದ್ದವರು ಮೊದಲನೆಯ ಸಾಲಾರ್ ಜಂಗ್. ಹೊಲಗಳ ನಡುವಿನ ವಾಡಿ ಒಮ್ಮೆಲೇ ಜಂಕ್ಷನ್ ಆಯಿತು. ಮಾರ್ಕ್ಸ್ ಆಗಿನ್ನೂ ಬದುಕಿದ್ದ.

ಜಾತಿ ಕರಗಿತೇ? ದಖ್ಖನಿನಲ್ಲಿ ರೈಲ್ವೆಯ ಮಣ್ಣುಕೆಲಸ, ಕಲ್ಲುಕೆಲಸಕ್ಕೆ ಬಂದವರಲ್ಲಿ ವಡ್ಡರ ತಂಡಗಳು ದೊಡ್ಡ ಪಾಲು. ಗಂಡ ಅಗೆದರೆ ಹೆಂಡತಿ ಹೊರುವುದು, ಮಕ್ಕಳು ಜಲ್ಲಿ ಆರಿಸುವುದು. ಕಲ್ಲು ಒಡೆಯುವ ಜಾತಿ ರೈಲ್ವೆಗೆ ಬಂದು ಕಲ್ಲನ್ನೇ ಒಡೆಯಿತು. ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ದಲಿತರು ಸೇರಿದರು. ಇದರ ಒಳಗುಟ್ಟನ್ನು ಬಾಬಾಸಾಹೇಬ್ ಅಂಬೇಡ್ಕರ್ 1938ರ ಫೆಬ್ರುವರಿಯಲ್ಲಿ ಮನಮಾಡದಲ್ಲಿ ಬಿಚ್ಚಿಟ್ಟರು. ಅದೇ ಪೆನಿನ್ಸುಲಾ ರೈಲ್ವೆಯ ದಲಿತ ಕೆಲಸಗಾರರ ಸಮ್ಮೇಳನ ಅದು. ದಲಿತನೊಬ್ಬ ಗ್ಯಾಂಗ್‌ಮನ್ ಆಗಿ ಸೇರಿದರೆ ಗ್ಯಾಂಗ್‌ಮನ್ ಆಗಿಯೇ ಸಾಯುತ್ತಾನೆ, ಅವನು ಪೋರ್ಟರ್ ಕೂಡ ಆಗಲಾರ, ಏಕೆಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಯೊಳಗೆ ಚಾಕರಿ ಮಾಡಬೇಕಾಗುತ್ತದೆ ಎಂದು ಅವರು ವಿವರಿಸಿದರು. ಬಂಡವಾಳಶಾಹಿ, ಬ್ರಾಹ್ಮಣಶಾಹಿ ಎರಡೂ ಕೆಲಸಗಾರನ ಶತ್ರುಗಳು ಎಂದದ್ದೂ ಅಲ್ಲಿಯೇ. ಸ್ಟೇಷನ್ ಮಾಸ್ತರರ ಅಡುಗೆಮನೆಯ ಹೊಸ್ತಿಲು ರೈಲ್ವೆಯ ಬಡ್ತಿಯನ್ನು ತೀರ್ಮಾನಿಸುತ್ತದೆ ಎಂಬುದು ಲಂಡನ್ನಿನ ಗ್ರಂಥಾಲಯದಲ್ಲಿ ಕೂತವನಿಗೆ ಹೊಳೆಯುವ ಮಾತಲ್ಲ.

ಅದಕ್ಕಿಂತ ಎರಡು ವರ್ಷ ಹಿಂದಕ್ಕೆ ಹೋಗೋಣ. 1936 ವಿಚಿತ್ರ ವರ್ಷ. ಏಪ್ರಿಲ್‌ನಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರ ಸಂಘದ ಸಮ್ಮೇಳನ. ಮೇ ತಿಂಗಳಲ್ಲಿ ಅಂಬೇಡ್ಕರರ ‘ಜಾತಿ ವಿನಾಶ’ ಪ್ರಕಟಣೆ. ಜಾತಿ ಎಂದರೆ ಬರೀ ದುಡಿಮೆಯ ವಿಭಜನೆಯಲ್ಲ, ದುಡಿಯುವವರನ್ನೇ ಮೇಲುಕೀಳು ಮಾಡಿ ವಿಭಜಿಸುವುದು ಎಂಬ ವಾದ ಅದರಲ್ಲಿದೆ. ಆಗಸ್ಟ್‌ನಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಎಂಬ ಒಂದೇ ಕಂಪನಿ ಆಯಿತು. ಹಾಗೆ ಸೇರಿದವುಗಳಲ್ಲಿ 1920ರ ದಶಕದಿಂದ ನಡೆಯುತ್ತಿದ್ದ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಬಂಡವಾಳ ಒಂದಾಯಿತು, ಬರಹಗಾರರು ಒಂದಾದರು, ದುಡಿಯುವವರು ಏಕೆ ಒಂದಾಗುತ್ತಿಲ್ಲ ಎಂಬುದಕ್ಕೆ ಕಾರಣವೂ ಅಚ್ಚಾಯಿತು. ಮೂರೂ ಒಂದೇ ವರ್ಷದಲ್ಲಿ, ಒಂದಕ್ಕೊಂದು ಸುದ್ದಿಯಿಲ್ಲದೆ.

ಶಹಾಬಾದಿನ ಕಾರ್ಖಾನೆಯ ಭೋಂಗಾ ಕೂಗುತ್ತಿದ್ದದ್ದು ನಿಜಾಮನ ರಾಜ್ಯದಲ್ಲಿ. ಅಲ್ಲಿ ಕನ್ನಡದಲ್ಲಿ ಓದುವುದೇ ಕಷ್ಟ. ಆಡಳಿತ ಉರ್ದು, ಕೋರ್ಟು ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು. ಬೆಂಗಳೂರಿನಲ್ಲಿ ಅ.ನ.ಕೃ. ಮುಂದಾಳತ್ವದಲ್ಲಿ ಪ್ರಗತಿಶೀಲರು ಸಭೆ ಸೇರುತ್ತಿದ್ದಾಗ, ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿ ‘ಜ್ವಾಲಾಮುಖಿಯ ಮೇಲೆ’ ಬರೆದಾಗ, ಕುಳಕುಂದದ ನಿರಂಜನ ಕಯ್ಯೂರಿನ ಹುತಾತ್ಮರ ಮೇಲೆ ‘ಚಿರಸ್ಮರಣೆ’ ಬರೆದಾಗ, ಕಾಗಿಣಾ ದಂಡೆಯ ಕೂಲಿಗೆ ಆ ಪುಸ್ತಕಗಳ ಸುಳಿವು ಸಿಗುವುದು ದೂರದ ಮಾತು. ಅವನಿಗೆ ಹತ್ತಿರವಿದ್ದದ್ದು ಹೈದರಾಬಾದ್. ವಾಡಿಯಿಂದ ಹೊರಟ ರೈಲು ಮುಟ್ಟುತ್ತಿದ್ದ ಆ ನಗರದಲ್ಲಿ ಮಖ್ದೂಮ್ ಮೊಹಿಯುದ್ದೀನ್ ಎಂಬ ಕಾಲೇಜು ಮೇಷ್ಟ್ರು ಹಗಲು ಕಾರ್ಮಿಕ ಸಂಘ ಕಟ್ಟುತ್ತ, ರಾತ್ರಿ ಮುಶಾಯಿರಾಗಳಲ್ಲಿ ಪದ್ಯ ಹೇಳುತ್ತ ಜನರ ಕಣ್ಮಣಿಯಾಗಿದ್ದರು. 1944ರಲ್ಲಿ ಬಂದ ಅವರ ಸಂಕಲನದ ಹೆಸರು ‘ಸುರ್ಖ್ ಸವೇರಾ’, ಅಂದರೆ ಕೆಂಪು ಮುಂಜಾವು. ಮಾರ್ಕ್ಸ್‌ವಾದ ನಮ್ಮ ಕಡೆ ಗದ್ಯದ ಮೂಲಕ ಬರಲಿಲ್ಲ, ಪದ್ಯದ ಮೂಲಕ, ಅದೂ ಉರ್ದು ಪದ್ಯದ ಮೂಲಕ ಬಂತು ಎಂದರೆ ಬಹಳ ತಪ್ಪಾಗಲಾರದು.

ಇದಕ್ಕೆ ಸಾಕ್ಷಿ ಇಂದಿಗೂ ಜನರ ಬಾಯಲ್ಲಿದೆ. ಬೆಂಗಳೂರಿನ ಕರಪತ್ರದಲ್ಲಿ ಶ್ರಮಿಕ, ಮುಷ್ಕರ, ವೇತನ, ಗುತ್ತಿಗೆದಾರ ಎಂದು ಅಚ್ಚಾಗಿರುತ್ತದೆ. ಶಹಾಬಾದಿನ ಗೇಟಿನ ಮುಂದೆ ಅವೇ ಮಜದೂರ, ಹಡತಾಳ, ಪಗಾರ, ಠೇಕೇದಾರ. ಕೆಲಸ ಹಂಚುವವನು ಮುಕಾದಮ, ಸಂಘಕ್ಕೆ ಕೊಡುವುದು ಚಂದಾ, ಕೂಗುವುದು ಇಂಕ್ವಿಲಾಬ್ ಜಿಂದಾಬಾದ್. ಹಾಜರಿ ಹಾಕುವುದು ಎಂಬ ಮಾತಂತೂ ಊಟ ಮಾಡುವುದು ಎಂಬಷ್ಟು ಸಹಜ. ‘ಶೋಷಣೆ’ ಎಂಬ ಸಂಸ್ಕೃತ ಶಬ್ದ ಭಾಷಣಕಾರರದು. ಕೂಲಿಯವನು ‘ಹಕ್ಕ ತಿಂದರು’ ಅನ್ನುತ್ತಾನೆ. ನನ್ನ ಕಿವಿಗೆ ಎರಡನೆಯದೇ ಹೆಚ್ಚು ಮಾರ್ಕ್ಸ್‌ವಾದಿ ಅನ್ನಿಸುತ್ತದೆ.

1946ರಿಂದ 1951ರವರೆಗೆ ತೆಲಂಗಾಣದಲ್ಲಿ ನಡೆದ ರೈತರ ಸಶಸ್ತ್ರ ಹೋರಾಟದ ಬಿಸಿ ಸೇಡಂ, ಚಿಂಚೋಳಿಗೆ ಬಹಳ ದೂರದ್ದಲ್ಲ. ತಾಂಡೂರು ದಾಟಿದರೆ ತೆಲುಗು ನಾಡೇ. ಆದರೆ ಅದರ ಕುದಿ ಇದ್ದದ್ದು ನಲ್ಗೊಂಡ, ವರಂಗಲ್ ಕಡೆ. ಕನ್ನಡ ಜಿಲ್ಲೆಗಳಲ್ಲಿ ಭೂಮಿಯ ಪ್ರಶ್ನೆಯನ್ನು ರಜಾಕಾರರ ಹಾವಳಿ ನುಂಗಿತು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಬಂದು ನಿಜಾಮನ ಆಳ್ವಿಕೆ ಮುಗಿಯಿತು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿಯ ಕಾಯಿದೆ. ಕಾಗದದ ಮೇಲೆ ಬಿಟ್ಟಿ ಚಾಕರಿ ಹೋಯಿತು, ಜಾಗೀರದಾರ ಹೋದ, ಗೌಡ ಉಳಿದ. ಗೌಡನ ಹೊಲದಲ್ಲಿ ವರ್ಷದ ಜೀತಕ್ಕಿದ್ದವನಿಗೆ ಎದುರು ಕಂಡ ಬಿಡುಗಡೆಯ ದಾರಿ ಶಹಾಬಾದಿನ ಚಿಮಣಿ.

1968ರಲ್ಲಿ ವಾಡಿಯಲ್ಲಿ ಎಸಿಸಿಯ ದೊಡ್ಡ ಕಾರ್ಖಾನೆ ಎದ್ದಿತು. ಮುಂದಿನ ಹದಿನೈದು ಇಪ್ಪತ್ತು ವರ್ಷದಲ್ಲಿ ಕುರಕುಂಟಾದಲ್ಲಿ ಸರಕಾರದ ಸಿಮೆಂಟ್ ನಿಗಮ, ಮಳಖೇಡದಲ್ಲಿ ರಾಜಶ್ರೀ, ಸೇಡಮ್ಮಿನಲ್ಲಿ ವಾಸವದತ್ತಾ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ನೆಲದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ಆಳಿದ ಮಾನ್ಯಖೇಟದಲ್ಲಿ, ಸುಣ್ಣಕಲ್ಲಿನ ಧೂಳು ಏಳತೊಡಗಿತು. ದಂಡೋತಿಯಂಥ ಊರುಗಳ ಹುಡುಗರು ತೊಗರಿ ಹೊಲ ಬಿಟ್ಟು ಗೇಟಿನ ಮುಂದೆ ನಿಂತರು.

ಸಂಘಗಳು ಆಗ ಬಲವಾಗಿದ್ದವು. ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕ ಸಂಘಕ್ಕೆ 1969ರಲ್ಲಿ ಕಾನೂನು ಸಲಹೆಗಾರರಾಗಿದ್ದ ಯುವ ವಕೀಲರು ಮಲ್ಲಿಕಾರ್ಜುನ ಖರ್ಗೆ. ಅವರ ರಾಜಕಾರಣ ಶುರುವಾದದ್ದೇ ಆ ಮಿಲ್ಲಿನ ಅಂಗಳದಿಂದ. ಶಹಾಬಾದಿನಲ್ಲಿ ಕಾರ್ಮಿಕ ಮುಖಂಡ ಕೆ.ಬಿ. ಶಾಣಪ್ಪ 1980ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಹೋದರು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ಕಾರ್ಖಾನೆಯ ಊರು, ಕೆಂಪು ಬಾವುಟ. ಮಾರ್ಕ್ಸನ 1853ರ ಲೆಕ್ಕಕ್ಕೆ ಇದಕ್ಕಿಂತ ಹತ್ತಿರದ ಉತ್ತರ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಆದರೆ ಉತ್ತರ ಅಷ್ಟಕ್ಕೇ ನಿಲ್ಲಲಿಲ್ಲ. ಶಾಣಪ್ಪ ಮುಂದೆ ಜನತಾದಳಕ್ಕೆ ಹೋಗಿ ಮಂತ್ರಿಯಾದರು, ಅಲ್ಲಿಂದ ಬಿಜೆಪಿಗೆ ಹೋಗಿ 2006ರಿಂದ 2012ರವರೆಗೆ ರಾಜ್ಯಸಭೆಯಲ್ಲಿದ್ದರು, 2021ರಲ್ಲಿ ತೀರಿಕೊಂಡರು. ಶಹಾಬಾದ್ ಎಂಬ ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ಅಳಿಸಿಹೋಯಿತು. ಒಬ್ಬ ವ್ಯಕ್ತಿಯ ಪಕ್ಷಾಂತರ ಎಂದು ಇದನ್ನು ಬೈದು ಮುಗಿಸಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಕಾಲ ಕೆಳಗಿನ ನೆಲ ಸರಿದ ಬಗೆ.

ಆ ನೆಲ ಯಾವುದೆಂದರೆ ಪರ್ಮನೆಂಟ್ ನೌಕರಿ. ಸಿಮೆಂಟ್ ಉದ್ದಿಮೆಗೆ 1958ರಲ್ಲಿ ವೇತನ ಮಂಡಳಿ ರಚನೆಯಾಗಿತ್ತು. ಲೋಡಿಂಗ್, ಅನ್‌ಲೋಡಿಂಗ್ ಬಿಟ್ಟು ಮಿಕ್ಕ ಕೆಲಸಗಳಲ್ಲಿ ಠೇಕೇದಾರಿ ಪದ್ಧತಿ ಬೇಡ ಎಂದು ಅದು ಹೇಳಿತು. ಆ ‘ಬಿಟ್ಟು’ ಎಂಬ ಶಬ್ದದ ಸಂದಿಯಲ್ಲಿ ಒಂದು ಇಡೀ ಜನವಿತ್ತು. ಗೇಟಿನ ಒಳಗೆ ಯಂತ್ರದ ಹತ್ತಿರ ನಿಂತವನಿಗೆ ಕ್ವಾರ್ಟರ್ಸ್, ಬೋನಸ್, ಪಿಎಫ್, ರಜೆಯ ಪಗಾರ. ಚೀಲ ಹೊರುವವನಿಗೆ, ವ್ಯಾಗನ್ ತುಂಬುವವನಿಗೆ ಚೀಲದ ಲೆಕ್ಕ. ಫರಸಿ ಕಣಿಯಲ್ಲಿ ಪದರ ಎಬ್ಬಿಸುವವನಿಗೆ ಕಲ್ಲಿನ ಲೆಕ್ಕ. ಸಂಘದ ರಸೀದಿ ಪುಸ್ತಕದಲ್ಲಿ ಮೊದಲನೆಯವನ ಹೆಸರಿತ್ತು, ಏಕೆಂದರೆ ಕಂಪನಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿತ್ತು. ಹೊರಗಿನವರನ್ನು ಸೇರಿಸಿಕೊಳ್ಳಲು ದುಡಿದ ಸಂಗಾತಿಗಳು ಇರಲಿಲ್ಲವೆಂದಲ್ಲ. ಕಣಿಯ ಕೂಲಿಗಳನ್ನು, ಹಮಾಲರನ್ನು ಸಂಘಟಿಸಲು ಬೇರೆ ಬೇರೆ ಕೆಂಪು ಬಾವುಟಗಳು ಬೆವರು ಸುರಿಸಿವೆ. ಆದರೂ ಪರ್ಮನೆಂಟ್ ಆದವನ ಮಗನಿಗೆ ಹೆಣ್ಣು ಕೊಡಲು ಬಂದವರು ನೋಡಿದ್ದು ಕ್ವಾರ್ಟರ್ಸನ್ನು. ವರದಕ್ಷಿಣೆ ಹೆಚ್ಚಿತು. ಹಡತಾಳದಲ್ಲಿ ಒಂದೇ ಚಾಪೆಯ ಮೇಲೆ ಕೂತವರು ಲಗ್ನಪತ್ರಿಕೆ ಬರೆಯುವಾಗ ತಮ್ಮ ತಮ್ಮ ಜಾತಿಗೆ ಮರಳಿದರು.

ಈಗ ಎರಡನೆಯ ಭವಿಷ್ಯಕ್ಕೆ ಬರೋಣ. ಮಾರ್ಕ್ಸ್ ತೀರಿಕೊಂಡ ಮರುವರ್ಷ, 1884ರಲ್ಲಿ, ಫ್ರೆಡರಿಕ್ ಎಂಗೆಲ್ಸ್ ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವದ ಹುಟ್ಟಿನ ಬಗ್ಗೆ ಪುಸ್ತಕ ಬರೆದ. ಹೆಣ್ಣು ಗಂಡಿನ ಅಡಿಯಾಳಾದದ್ದು ದೇವರ ಕಟ್ಟಳೆಯಿಂದಲ್ಲ, ಆಸ್ತಿಯ ಕಟ್ಟಳೆಯಿಂದ. ತನ್ನ ಆಸ್ತಿ ತನ್ನ ಮಗನಿಗೇ ಹೋಗಬೇಕೆಂಬ ಗಂಡಿನ ಹಟದಿಂದ ಎಂಬುದು ಅದರ ತಿರುಳು. ಬಿಡುಗಡೆಗೆ ಮೊದಲ ಶರತ್ತು, ಹೆಣ್ಣು ಮನೆಯಿಂದ ಹೊರಬಂದು ಸಾರ್ವಜನಿಕ ದುಡಿಮೆಗೆ ಮರಳಬೇಕು. ಹೆಚ್ಚೂಕಡಿಮೆ ಅದೇ ಕಾಲಕ್ಕೆ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನನ ಹೆಸರಿನಲ್ಲಿ ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಕುಲಬರ್ಗಾ ಮಿಲ್, ಅಂದರೆ ಜನರ ಬಾಯಿನ ಎಂ.ಎಸ್.ಕೆ. ಮಿಲ್, ಏಳುತ್ತಿತ್ತು.

ಎಂಗೆಲ್ಸನಿಗೆ ಕಾಗಿಣಾ ದಂಡೆಯ ಹೆಂಗಸರನ್ನು ತೋರಿಸಬೇಕಿತ್ತು. ಇವರು ಮನೆಯೊಳಗೆ ಇದ್ದದ್ದೇ ಯಾವಾಗ? ಕಳೆ ತೆಗ್ದಾರ, ತೊಗರಿ ಕೊಯ್ದಾರ, ಕಣಿಯಲ್ಲಿ ಪುಟ್ಟಿ ತುಂಬ ಕಲ್ಲುಚೂರು ಹೊತ್ತಾರ. ಸಾರ್ವಜನಿಕ ದುಡಿಮೆ ಅವರಿಗೆ ಹುಟ್ಟಿನಿಂದ ಬಂದದ್ದು, ಬಿಡುಗಡೆ ಅದರ ಜೊತೆಗೆ ಬರಲಿಲ್ಲ. ಕಣಿಯಲ್ಲಿ ಗಂಡಸು ಪದರ ಎಬ್ಬಿಸುತ್ತಾನೆ, ಹೆಂಗಸು ಚೂರು ಹೊತ್ತು ದಾರಿ ಖುಲ್ಲಾ ಮಾಡುತ್ತಾಳೆ. ಲೆಕ್ಕಕ್ಕೆ ಬರುವುದು ಎಬ್ಬಿಸಿದ ಕಲ್ಲು. ಬಟವಾಡೆ ಗಂಡನ ಕೈಗೆ. ಗಡಿಯಾಚೆ ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಇದಕ್ಕೊಂದು ಹೆಸರೇ ಇದೆ, ಕೊಯ್ತಾ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ, ಒಬ್ಬರೇ ಬಂದರೆ ಅರ್ಧ. ಮುಂಗಡ ಕೊಡುವುದು ಕೊಯ್ತಾದ ಲೆಕ್ಕದಲ್ಲಿ. ಕುಟುಂಬವೇ ಒಂದು ಹತಾರವಾಗಿ, ಹೆಂಡತಿ ಅದರ ಅರ್ಧ ಅಲಗಾದ ಈ ಲೆಕ್ಕಾಚಾರಕ್ಕೆ ಎಂಗೆಲ್ಸನ ಪುಸ್ತಕದಲ್ಲಿ ಅಧ್ಯಾಯವಿಲ್ಲ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಲಂಬಾಣಿ ಕುಟುಂಬಗಳೂ ಹೀಗೇ ಜೋಡಿಯಾಗಿ ಹೋಗುತ್ತವೆ. ಮುದುಕರು, ಸಣ್ಣ ಮಕ್ಕಳು ತಾಂಡಾದಲ್ಲಿ ಉಳಿಯುತ್ತಾರೆ.

ಹಾಜರಿ ಪುಸ್ತಕಕ್ಕೆ ಬಾರದ ಈ ಜನ ಬಂದದ್ದು ಇನ್ನೊಂದು ಬಗೆಯ ಪುಸ್ತಕಕ್ಕೆ. ಅದಕ್ಕೆ ದಾರಿ ತೆರೆದ ಪ್ರಸಂಗದಲ್ಲಿ ನಮ್ಮ ಚಿತ್ತಾಪುರ ತಾಲ್ಲೂಕಿನವರೊಬ್ಬರಿದ್ದಾರೆ ಎಂಬುದನ್ನು ಇಲ್ಲಿನವರೇ ಎಷ್ಟೋ ಜನ ಮರೆತಿದ್ದಾರೆ.

ಚೆನ್ನಣ್ಣ ವಾಲೀಕಾರ 1943ರಲ್ಲಿ ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದರು. ವಾಲೀಕಾರ ಎಂಬುದು ಊರ ಚಾಕರಿಯ ಹೆಸರು: ಗೌಡನ ಓಲೆ ಒಯ್ಯುವುದು, ಕರೆದವರನ್ನು ಚಾವಡಿಗೆ ಎಳೆತರುವುದು. ಆ ಹೆಸರನ್ನು ಅವರು ಬದಲಿಸಿಕೊಳ್ಳದೆ ಹೊತ್ತುಕೊಂಡೇ ಓದಿದರು, ಪ್ರಾಧ್ಯಾಪಕರಾದರು, ‘ಮರದ ಮೇಲಿನ ಗಾಳಿ’, ‘ಕರಿತೆಲಿ ಮಾನವನ ಜೀಪದ’ ಎಂಬ ಕವನ ಸಂಕಲನಗಳನ್ನು ತಂದರು. ಕರಿತೆಲಿ ಮಾನವ ಎಂದರೆ ನಮ್ಮ ಕಡೆಯ ಜನಪದ ಕತೆಗಳಲ್ಲಿ ಹುಲಿ, ಹಾವು, ದೇವರುಗಳಿಂದ ಮನುಷ್ಯನನ್ನು ಬೇರೆ ಮಾಡಿ ಹೇಳುವ ಮಾತು. ಅವನಿಗೆ ಜಾತಿಯಿಲ್ಲ, ತಲೆ ಕರಿ ಅಷ್ಟೇ.

1979ರಲ್ಲಿ ಧರ್ಮಸ್ಥಳದಲ್ಲಿ 51ನೇ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಗೋಪಾಲಕೃಷ್ಣ ಅಡಿಗ. ಅಲ್ಲಿ ದಲಿತ ಸಾಹಿತ್ಯದ ಮೇಲೆ ಒಂದು ಗೋಷ್ಠಿ ಇರಲಿ ಎಂದು ವಾಲೀಕಾರರು ಕೇಳಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದ ಹಂಪ ನಾಗರಾಜಯ್ಯ ಒಪ್ಪಲಿಲ್ಲ. ಸಾಹಿತ್ಯದಲ್ಲಿ ಹಾಗೆಲ್ಲ ವಿಂಗಡಣೆ ಮಾಡಲು ಬರುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಮೇಲುನೋಟಕ್ಕೆ ಅದು ಉದಾರ ಮಾತು. ಎಲ್ಲರೂ ಒಂದೇ ಎನ್ನುವವನು ಯಾವ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಗೆ ಹೇಳುತ್ತಾನೆ, ಆ ಪಟ್ಟಿಯಲ್ಲಿ ಯಾರ ಹೆಸರಿಲ್ಲ ಎಂದು ಕೇಳಿದ ಮೇಲೆ ಅದರ ಬಣ್ಣ ಬೇರೆಯಾಗುತ್ತದೆ. ಉತ್ತರ ಬೆಂಗಳೂರಿನಲ್ಲಿ ಸಿಕ್ಕಿತು. 1979ರ ಮಾರ್ಚ್ 10 ಮತ್ತು 11ರಂದು ಪರ್ಯಾಯವಾಗಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಬರಗೂರು ರಾಮಚಂದ್ರಪ್ಪ, ಡಿ.ಆರ್. ನಾಗರಾಜ್, ಸಿದ್ಧಲಿಂಗಯ್ಯ, ಕಾಳೇಗೌಡ ನಾಗವಾರ ಮೊದಲಾದವರು ಕೂಡಿಕೊಂಡರು. ಮಾರ್ಕ್ಸ್, ಅಂಬೇಡ್ಕರ್, ಲೋಹಿಯಾ ಮೂವರನ್ನೂ ಓದಿದವರು ಒಂದೇ ವೇದಿಕೆಯಲ್ಲಿ ನಿಂತು ಜಗಳವಾಡಿದ್ದು ಕನ್ನಡದಲ್ಲಿ ಅದೇ ಮೊದಲು ಅನ್ನಬಹುದು. ಪ್ರಗತಿಶೀಲರ ಪ್ರಶ್ನೆ ಬಡವನದಾಗಿತ್ತು. ಬಂಡಾಯದವರು ಇನ್ನೊಂದು ಪ್ರಶ್ನೆ ಸೇರಿಸಿದರು: ಬಡವ ಸರಿ, ಯಾವ ಕೇರಿಯ ಬಡವ?

ಮರುವರ್ಷವೇ, 1980ರಲ್ಲಿ, ಬೆಳಗಾವಿ ಸಮ್ಮೇಳನಕ್ಕೆ ಪ್ರಗತಿಶೀಲ ಕಟ್ಟೀಮನಿಯವರು ಅಧ್ಯಕ್ಷರಾದರು. ಪರಿಷತ್ತು ಪ್ರಾಯಶ್ಚಿತ್ತ ಮಾಡಿಕೊಂಡಿತೆಂದು ಹೇಳಲಾರೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಂತೂ ಅದಕ್ಕೆ ತಿಳಿದಿತ್ತು.

ವಾಲೀಕಾರರ ದೊಡ್ಡ ಹಟ ‘ವ್ಯೋಮಾವ್ಯೋಮ’ ಎಂಬ ಮಹಾಕಾವ್ಯ. ಬಂಡಾಯದ ಗೆಳೆಯರಲ್ಲಿ ಬಹಳ ಮಂದಿ ಬಿಡಿ ಕವನ, ಸಣ್ಣಕತೆ, ಬೀದಿನಾಟಕಗಳಲ್ಲಿ ತೃಪ್ತರಾದಾಗ, ಮಳಖೇಡದ ಪಕ್ಕದ ಈ ಮನುಷ್ಯ ಅರಮನೆ ಕವಿಗಳ ಪ್ರಕಾರಕ್ಕೇ ಕೈಹಾಕಿದರು. ಅದು ಎಲ್ಲ ಕಡೆ ಗೆದ್ದಿದೆ ಎಂದು ಹೇಳಿದರೆ ಮುಖಸ್ತುತಿಯಾದೀತು. ಅದನ್ನು ಪೂರ್ತಿ ಓದಿದವರೂ ಕಡಿಮೆ. ಆದರೆ ‘ಕವಿರಾಜಮಾರ್ಗ’ದ ಊರಿನ ನೆರೆಯಲ್ಲಿ ಹುಟ್ಟಿ, ಊರ ಚಾಕರಿಯ ಹೆಸರು ಹೊತ್ತು, ಮಹಾಕಾವ್ಯ ನನಗೂ ಸೇರಿದ್ದು ಎಂದು ಪಾಲು ಕೇಳಿದ ಆ ಧಾರ್ಷ್ಟ್ಯಕ್ಕೆ ತಲೆಬಾಗಬೇಕು. ಅವರು 2019ರ ನವೆಂಬರ್‌ನಲ್ಲಿ ಕಲಬುರಗಿಯಲ್ಲಿ ತೀರಿಕೊಂಡರು.

ಎಂಗೆಲ್ಸನಿಗೆ ಉತ್ತರ ಬರೆದವರು ಗೀತಾ ನಾಗಭೂಷಣ. ಅವರು 1942ರಲ್ಲಿ ಕಲಬುರಗಿ ಹತ್ತಿರದ ಸಾವಳಗಿಯಲ್ಲಿ ಹುಟ್ಟಿದರು. ತಂದೆ ಎಂ.ಎಸ್.ಕೆ. ಮಿಲ್ಲಿನಲ್ಲಿ ಕೂಲಿ. ಕಲಬುರಗಿಯ ಓದಿದ ಮನೆತನಗಳ ಹೆಣ್ಣುಮಕ್ಕಳೇ ಕಾಲೇಜಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಕಾಲದಲ್ಲಿ ಮಿಲ್ ಕಾರ್ಮಿಕನ ಮಗಳು ಓದಿದಳು, ದುಡಿದಳು, ಅಧ್ಯಾಪಕಿಯಾದಳು, ಬರೆದಳು. ‘ಹಸಿಮಾಂಸ ಮತ್ತು ಹದ್ದುಗಳು’ ಎಂಬ ಹೆಸರೇ ಸಾಕು, ಬಡ ಹೆಣ್ಣಿನ ಮೈ ಊರ ಧಣಿಗೆ ಹೇಗೆ ಕಾಣುತ್ತಿತ್ತೆಂದು ತಿಳಿಯಲು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 2020ರ ಜೂನ್‌ನಲ್ಲಿ ಸಾವು.

‘ಬದುಕು’ ಓದುವಾಗ ಗಮನಿಸಬೇಕಾದ್ದು ಅದರ ಭಾಷೆ. ಕಲಬುರಗಿಯ ಕೇರಿಗಳ ಮಾತು ಅಲ್ಲಿ ಸಂಭಾಷಣೆಯ ಉದ್ಧರಣ ಚಿಹ್ನೆಯೊಳಗೆ ಸೆರೆಯಾಗಿಲ್ಲ. ಹೆಂಗಸರು ಜಗಳ ತೆಗೆಯುತ್ತಾರೆ, ದೇವರನ್ನು ಬೈಯುತ್ತಾರೆ, ಮೈಸುಖದ ಮಾತನ್ನು ಮುಚ್ಚುಮರೆಯಿಲ್ಲದೆ ಆಡುತ್ತಾರೆ, ಮುಂಜಾನೆ ಎದ್ದು ಕೂಲಿಗೆ ಹೋಗುತ್ತಾರೆ, ಸಂಜೆ ಬಂದು ರೊಟ್ಟಿ ಬಡಿಯುತ್ತಾರೆ. ದುಡಿಮೆ, ಕುಟುಂಬ, ಜಾತಿ, ದೇವರು ಬೇರೆ ಬೇರೆ ಅಧ್ಯಾಯಗಳಾಗಿ ಬರುವುದಿಲ್ಲ, ಒಂದೇ ಒಲೆಯ ಮೇಲೆ ಕುದಿಯುತ್ತವೆ. ಹೊರಗೆ ದುಡಿದದ್ದಕ್ಕೆ ಈ ಹೆಂಗಸರು ಸ್ವತಂತ್ರರಾಗುವುದಿಲ್ಲ, ಆದರೆ ಅವರ ಬಾಯಿ ಮಾತ್ರ ಸ್ವತಂತ್ರ. ಎಂಗೆಲ್ಸ್ ಕಾಣದೆ ಹೋದದ್ದು ಅದು. ಆದರೆ ಅದೇ ಎಂಗೆಲ್ಸ್ 1888ರಲ್ಲಿ ಮಾರ್ಗರೆಟ್ ಹಾರ್ಕ್‌ನೆಸ್ ಎಂಬ ಕಾದಂಬರಿಗಾರ್ತಿಗೆ ಬರೆದ ಕಾಗದದಲ್ಲಿ, ಲೇಖಕರ ಸಿದ್ಧಾಂತ ಕೃತಿಯಲ್ಲಿ ಎದ್ದು ಕಾಣದಷ್ಟೂ ಒಳ್ಳೆಯದು ಎಂದಿದ್ದ. ರಾಜಪ್ರಭುತ್ವದ ಅಭಿಮಾನಿ ಬಾಲ್ಜಾಕ್ ತನ್ನ ಅಭಿಮಾನಕ್ಕೆ ವಿರುದ್ಧವಾಗಿ ಸತ್ಯ ಬರೆದ ಎಂದು ಹೊಗಳಿದ್ದ. ಗೀತಾ ನಾಗಭೂಷಣರ ಕಾದಂಬರಿಗಳಲ್ಲಿ ಪ್ರಣಾಳಿಕೆ ಹುಡುಕಿ ಸಿಗದೆ ಮೂಗು ಮುರಿದ ನಮ್ಮ ಕೆಲವು ಎಡಪಂಥೀಯ ವಿಮರ್ಶಕರು ಆ ಕಾಗದ ಓದಿಕೊಂಡಿದ್ದರೆ ಚೆನ್ನಾಗಿತ್ತು.

ಅವರ ತಂದೆ ದುಡಿದ ಮಿಲ್ಲು ಇಂದು ಇಲ್ಲ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯೂ ಇಲ್ಲ. ಕುರಕುಂಟಾದ ಸರಕಾರಿ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತುಹೋಯಿತು. ವಾಡಿಯ ಎಸಿಸಿ ನಡೆಯುತ್ತಿದೆ, ಒಡೆತನ 2022ರಲ್ಲಿ ಅದಾನಿ ಸಮೂಹಕ್ಕೆ ಹೋಯಿತು. ಠೇಕೇದಾರಿಗೆ ಲಗಾಮು ಹಾಕುವ ಕಾಯಿದೆ 1970ರಲ್ಲೇ ಬಂದಿತ್ತು. ಠೇಕೇದಾರ ಅದನ್ನು ಹಿಡಿದುಕೊಂಡೇ ಗೇಟಿನ ಒಳಗೆ ಬಂದ. ಈಗ ಯಂತ್ರದ ಹತ್ತಿರ ನಿಂತವನೂ ಎಷ್ಟೋ ಕಡೆ ಠೇಕೇದಾರನ ಮನುಷ್ಯ. ಹಳ್ಳಿಯ ಕೂಲಿ, ತೊಗರಿಯ ಬೆಲೆ, ಪಂಚಾಯಿತಿ ನೌಕರರ ಪಗಾರ ಹೀಗೆ ಸಣ್ಣ ಸಣ್ಣ ಲೆಕ್ಕಗಳನ್ನೇ ಹಿಡಿದು ಜಿಲ್ಲೆಯೆಲ್ಲ ತಿರುಗುತ್ತಿದ್ದ ಸಿಪಿಎಂ ಮುಖಂಡ ಮಾರುತಿ ಮಾನ್ಪಡೆ 2020ರ ಅಕ್ಟೋಬರ್‌ನಲ್ಲಿ ಕೊರೊನಾಕ್ಕೆ ಬಲಿಯಾದರು. ಸಭೆಗಳಲ್ಲಿ ಕೆಂಪು ಬಾವುಟದ ಪಕ್ಕ ಈಗ ನೀಲಿ ಬಾವುಟ ಇರುತ್ತದೆ, ಬಸವಣ್ಣನ ಪಟವೂ ಇರುತ್ತದೆ. ಕಾಯಕ ಎಂಬ ಶಬ್ದವನ್ನು ಮಾಲೀಕರೂ ಭಾಷಣದಲ್ಲಿ ಬಳಸುತ್ತಾರೆ, ಅದು ಬೇರೆ ಮಾತು.

ಮಳೆಗಾಲದಲ್ಲಿ ಕಾಗಿಣಾ ತುಂಬಿದಾಗ ದಂಡೋತಿಯ ಸೇತುವೆಯ ಮೇಲೆ ನೀರು ಬರುತ್ತದೆ. ದಾರಿ ಬಂದ್. ಈಚೆ ದಂಡೆಯಲ್ಲಿ ಬೈಕು ನಿಲ್ಲಿಸಿಕೊಂಡು, ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದವರು ನೀರಿನ ಮಟ್ಟ ನೋಡುತ್ತ ನಿಲ್ಲುತ್ತಾರೆ. ಪರ್ಮನೆಂಟ್ ಆದವನು ಫೋನಿನಲ್ಲಿ ರಜೆ ಹೇಳುತ್ತಾನೆ. ಉಳಿದವರು ಮುಕಾದಮನಿಗೆ ಫೋನ್ ಮಾಡಿ, ಅರ್ಧ ದಿನಕ್ಕಾದರೂ ಬಂದರೆ ಹಾಜರಿ ಹಾಕುತ್ತೀರೇನು ಎಂದು ಕೇಳುತ್ತಾರೆ.